ಒಂದೇ ಟೇಬಲ್, ಹಲವು ಸಿಸ್ಟಂ: ಬೆಳಗಾವಿಯ ಮಾಡೆಲ್ ರೈಲು ಹವ್ಯಾಸಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕಡೆ ಮಾಡೆಲ್ ರೈಲಿನ ಸಾಮಾನು ಒಂದೇ ಕಂಪನಿಯದ್ದು, ಒಂದೇ ಅಂಗಡಿಯಲ್ಲಿ ಸಿಗುವುದಿಲ್ಲ. ಅಮೆರಿಕದಲ್ಲಿರುವ ಅಳಿಯ ಒಂದು ಕಮಾಂಡ್ ಸ್ಟೇಷನ್ (ಹಳಿಗೆ ಕರೆಂಟನ್ನೂ ಇಂಜಿನ್‌ಗೆ ಆದೇಶವನ್ನೂ ಕೊಡುವ ಪೆಟ್ಟಿಗೆ) ತರುತ್ತಾನೆ, ಜರ್ಮನಿಗೆ ಕೆಲಸಕ್ಕೆ ಹೋದ ಗೆಳೆಯ ಸ್ಟಾರ್ಟರ್ ಸೆಟ್ ತರುತ್ತಾನೆ, ಇಂಜಿನಿಯರಿಂಗ್ ಓದುವ ಮಗ ಆರ್ಡುಯಿನೊ ಎಂಬ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡಿನ ಮೇಲೆ ತಾನೇ ಒಂದು ಕಟ್ಟುತ್ತಾನೆ. ಎಲ್ಲವೂ ಒಂದೇ ಟೇಬಲ್ ಮೇಲೆ ಬಂದು ಕೂತಾಗ ಜಗಳ ಶುರುವಾಗುತ್ತದೆ. ತಿಲಕವಾಡಿ, ಶಹಾಪುರ, ಖಾನಾಪುರ ಕಡೆಯ ಹವ್ಯಾಸಿಗಳು ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಬಾಗಲಕೋಟೆ, ವಿಜಯಪುರದಿಂದ ಬರುವ ಪ್ರಶ್ನೆಗಳೂ ಬಹುತೇಕ ಇವೇ.

ಎರಡೂ ಡಿಸಿಸಿನೇ ಅದಾವರಿ. ಎರಡು ಕಮಾಂಡ್ ಸ್ಟೇಷನ್ ಒಂದೇ ಹಳಿಗೆ ಜೋಡಿಸಿದ್ರ ಏನಾಗತೈತಿ?

ದಯವಿಟ್ಟು ಜೋಡಿಸಬೇಡಿ. ಡಿಸಿಸಿಯಲ್ಲಿ, ಅಂದರೆ ಇಂಜಿನ್‌ಗಳನ್ನು ಡಿಜಿಟಲ್ ಆದೇಶದಿಂದ ನಡೆಸುವ ಪದ್ಧತಿಯಲ್ಲಿ, ಹಳಿಯ ಮೇಲೆ ಹರಿಯುವುದು ಬರೀ ಕರೆಂಟ್ ಅಲ್ಲ. ಆ ಕರೆಂಟೇ ಸಂದೇಶ. ಹಳಿಯ ಪೊಲಾರಿಟಿ ಸೆಕೆಂಡಿಗೆ ಸಾವಿರಾರು ಸಲ ತಿರುಗುತ್ತದೆ. ತಿರುಗಿದ ಅರ್ಧಭಾಗ 58 ಮೈಕ್ರೋಸೆಕೆಂಡ್ ಇದ್ದರೆ ಅದು 'ಒಂದು', 100 ಮೈಕ್ರೋಸೆಕೆಂಡ್ ಅಥವಾ ಅದಕ್ಕಿಂತ ಉದ್ದವಿದ್ದರೆ 'ಸೊನ್ನೆ'. ಇಂಜಿನ್ ಒಳಗಿನ ಪುಟ್ಟ ಬೋರ್ಡು, ಅಂದರೆ ಡಿಕೋಡರ್, ಈ ಉದ್ದವನ್ನು ಅಳೆದೇ ತನಗೆ ಬಂದ ಆದೇಶ ಓದಿಕೊಳ್ಳುತ್ತದೆ. ಎರಡು ಸ್ಟೇಷನ್‌ಗಳ ಈ ಲಯ ಎಂದೂ ಹೊಂದುವುದಿಲ್ಲ. ಒಂದು ಬಲಹಳಿಗೆ ಪ್ಲಸ್ ಕೊಡುವ ಹೊತ್ತಿಗೆ ಇನ್ನೊಂದು ಅದೇ ಹಳಿಗೆ ಮೈನಸ್ ಕೊಡುತ್ತಿರುತ್ತದೆ. ಅದು ನೇರ ಶಾರ್ಟ್. ಒಂದೇ ಜೋಡಿ ಎತ್ತಿನ ಹಗ್ಗವನ್ನು ಇಬ್ಬರು ಹಿಡಿದು ಎರಡು ದಿಕ್ಕಿಗೆ ಎಳೆದ ಹಾಗೆ.

ಗೊಂದಲ ಹುಟ್ಟುವ ಜಾಗವನ್ನು ಸರಿಯಾಗಿ ಗುರುತಿಸಿಕೊಳ್ಳಬೇಕು. ಅಮೆರಿಕದ ಮಾಡೆಲ್ ರೈಲು ಸಂಘ ಎನ್‌ಎಂಆರ್‌ಎಯ ಮಾನದಂಡ ಹೇಳುವುದು ಹಳಿಯಿಂದ ಡಿಕೋಡರ್‌ಗೆ ಹೋಗುವ ಸಂಕೇತದ ಬಗ್ಗೆ ಮಾತ್ರ. ಹಾಗಾಗಿ ಯಾವ ಕಂಪನಿಯ ಡಿಸಿಸಿ ಡಿಕೋಡರ್ ಆದರೂ ಯಾವ ಡಿಸಿಸಿ ಸ್ಟೇಷನ್ ಮಾತನ್ನಾದರೂ ಕೇಳುತ್ತದೆ. ಆದರೆ ವೇಗ ಹೊಂದಿಸಲು ಕೈಯಲ್ಲಿ ಹಿಡಿಯುವ ಥ್ರಾಟಲ್‌ನಿಂದ ಸ್ಟೇಷನ್‌ವರೆಗಿನ ದಾರಿ ಕಂಪನಿಗೊಂದು: ಡಿಜಿಟ್ರಾಕ್ಸ್‌ನದ್ದು ಲೋಕೋನೆಟ್, ಲೆನ್ಸ್‌ನದ್ದು ಎಕ್ಸ್‌ಪ್ರೆಸ್‌ನೆಟ್. ಇಂಜಿನ್ ಬೆರೆಸಿ, ಚಿಂತೆಯಿಲ್ಲ. ಹಳಿಗೆ ಕರೆಂಟ್ ಕೊಡುವ ಯಜಮಾನ ಮಾತ್ರ ಒಂದೇ ಇರಲಿ. ಈ ಪುಟದ ಉಳಿದ ಅರ್ಧ ಉತ್ತರಗಳು ಇದರಿಂದಲೇ ಹೊರಡುತ್ತವೆ.

ಹಂಗಾದ್ರ ಎರಡನೇ ಸೆಟ್ ಅಟ್ಟದ ಮ್ಯಾಲ ಇಡೂದೇನ್ರಿ?

ಬೇಡ, ಅದಕ್ಕೆ ಒಳ್ಳೆಯ ಕೆಲಸಗಳಿವೆ.

ಎಲ್ಲಕ್ಕಿಂತ ಉಪಯೋಗದ್ದು, ಅದನ್ನು ಪ್ರೋಗ್ರಾಮಿಂಗ್ ಹಳಿಗೆ ಮೀಸಲಿಡುವುದು. ಲೇಔಟ್‌ಗೆ (ಟೇಬಲ್ ಮೇಲಿನ ಹಳಿಜಾಲಕ್ಕೆ) ಸಂಬಂಧವೇ ಇಲ್ಲದ ಒಂದು ತುಂಡು ಹಳಿ, ಅದಕ್ಕೊಂದು ಸ್ಟೇಷನ್, ಪಕ್ಕದಲ್ಲಿ ಲ್ಯಾಪ್‌ಟಾಪ್. ಅಡ್ರೆಸ್ (ಪ್ರತಿ ಇಂಜಿನ್ನಿನ ಗುರುತಿನ ಸಂಖ್ಯೆ) ಬದಲಿಸುವುದು, ವೇಗ ಹೊಂದಿಸುವುದು ಎಲ್ಲ ಅಲ್ಲೇ ನಡೆಯಲಿ. ಎರಡನೆಯ ದಾರಿ ಸ್ನಿಫರ್. ರೋಕೋ ಕಂಪನಿಯ ಕಪ್ಪು ಝಡ್ 21, ಇಎಸ್‌ಯು ಕಂಪನಿಯ ಇಕೋಸ್ ಇಂಥ ಸ್ಟೇಷನ್‌ಗಳಿಗೆ ಸ್ನಿಫರ್ ಪ್ರವೇಶ ಇದೆ. ಹಳೆಯ ಸ್ಟೇಷನ್ನಿನ ಹಳಿಯ ತಂತಿಯನ್ನು ಹಳಿಗೆ ಹಾಕದೆ ಇಲ್ಲಿಗೆ ಹಾಕಿದರೆ, ಹೊಸದು ಅದರ ಆದೇಶ ಓದಿ ತಾನು ಹಳಿಗೆ ಕಳಿಸುತ್ತದೆ. ಕೈಗೆ ಒಗ್ಗಿದ ಹಳೆಯ ಕಂಟ್ರೋಲರ್ ಉಳಿಯುತ್ತದೆ, ಯಜಮಾನ ಮಾತ್ರ ಬದಲಾಗುತ್ತಾನೆ.

ಮೂರನೆಯದು ಕಂಪ್ಯೂಟರ್ ದಾರಿ. ಜೆಎಂಆರ್‌ಐ ಉಚಿತ ತಂತ್ರಾಂಶ. ಏಕಕಾಲಕ್ಕೆ ಒಂದಕ್ಕಿಂತ ಹೆಚ್ಚು ಸಿಸ್ಟಂ ಜೊತೆ ಸಂಪರ್ಕ ಇಟ್ಟುಕೊಳ್ಳುತ್ತದೆ. ಇಂಜಿನ್‌ಗಳನ್ನು ಒಂದು ಸ್ಟೇಷನ್ ನಡೆಸಲಿ, ಪಾಯಿಂಟ್‌ಗಳನ್ನು (ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜಾಗ) ಪ್ರತ್ಯೇಕ ತಂತಿಯಲ್ಲಿ ಇನ್ನೊಂದು ನಡೆಸಲಿ. ಎರಡನ್ನೂ ಒಂದೇ ಪರದೆಯಿಂದ ಆಡಿಸಬಹುದು. ನನಗಂತೂ ಬೆರಕೆ ಲೇಔಟ್‌ಗೆ ಇದಕ್ಕಿಂತ ಸಮಾಧಾನದ ವ್ಯವಸ್ಥೆ ಕಂಡಿಲ್ಲ.

ಗಾಡಿ ಒಂದು ಲೂಪಿನಿಂದ ಇನ್ನೊಂದಕ್ಕ ದಾಟೂಮುಂದ ಎರಡೂ ಬೂಸ್ಟರ್ ಟ್ರಿಪ್ ಆಗ್ತಾವರಿ. ಯಾಕ?

ಅತಿ ಹೆಚ್ಚು ಬರುವ ಪ್ರಶ್ನೆ ಇದು, ಕಾರಣವೂ ಒಂದಲ್ಲ. (ಬೂಸ್ಟರ್ ಅಂದರೆ ಸ್ಟೇಷನ್ನಿನ ಸಂಕೇತಕ್ಕೆ ಬಲ ತುಂಬಿ ಹಳಿಗೆ ಕಳಿಸುವ ಭಾಗ.)

ಮೊದಲು ನೋಡಬೇಕಾದದ್ದು, ಎರಡೂ ಲೂಪ್‌ಗೆ ಆದೇಶ ಒಂದೇ ಸ್ಟೇಷನ್‌ನಿಂದ ಬರುತ್ತಿದೆಯೇ ಎಂಬುದು. ಬೇರೆ ಬೇರೆ ಸ್ಟೇಷನ್ ಇದ್ದರೆ, ಇಂಜಿನ್ನಿನ ಲೋಹದ ಚಕ್ರ, ಎರಡು ಲೂಪಿನ ನಡುವೆ ಹಳಿ ಕತ್ತರಿಸಿದ ಗ್ಯಾಪ್ ಮೇಲೆ ಬಂದ ಕ್ಷಣ ಎರಡೂ ಸ್ಟೇಷನ್‌ಗಳನ್ನು ಕೂಡಿಸಿಬಿಡುತ್ತದೆ. ಆಗುವುದು ಮೇಲೆ ಹೇಳಿದ ಶಾರ್ಟೇ. ಟ್ರಿಪ್ ಆಗಿ ನಿಂತರೆ ಪುಣ್ಯ, ಇಲ್ಲದಿದ್ದರೆ ಬೂಸ್ಟರ್ ಸುಡುತ್ತದೆ. ಇಲ್ಲಿಗೆ ಪರಿಹಾರ ನಡುವಿನ ಒಂದು ಪ್ರತ್ಯೇಕ ಸೆಕ್ಷನ್. ಎರಡೂ ಹಳಿಗಳನ್ನು ಎರಡೂ ತುದಿಯಲ್ಲಿ ಕತ್ತರಿಸಿ, ಆ ಸೆಕ್ಷನ್ನಿಗೆ ಡಬಲ್ ಪೋಲ್ ಡಬಲ್ ಥ್ರೋ ಸ್ವಿಚ್ (ಎರಡೂ ತಂತಿಯನ್ನು ಒಟ್ಟಿಗೆ ಒಂದು ಸ್ಟೇಷನ್‌ನಿಂದ ಇನ್ನೊಂದಕ್ಕೆ ತಿರುಗಿಸುವಂಥದ್ದು) ಮೂಲಕ ಕರೆಂಟ್ ಕೊಡಿ. ನಡುವೆ ಆಫ್ ಇರುವ ಸ್ವಿಚ್ ತೆಗೆದುಕೊಳ್ಳಿ. ಗಾಡಿ ಪೂರ್ತಿ ಒಳಗೆ ಬಂದು ನಿಲ್ಲಬೇಕು, ಸ್ವಿಚ್ ತಿರುಗಿಸಬೇಕು, ಆಮೇಲೆ ಇನ್ನೊಂದು ಸ್ಟೇಷನ್‌ನಿಂದ ಹೊರಡಿಸಬೇಕು. ಸೆಕ್ಷನ್ ನಿಮ್ಮ ಅತಿ ಉದ್ದದ ಗಾಡಿಗಿಂತ ಉದ್ದವಿರಲಿ, ಬರೀ ಇಂಜಿನ್ನಿಗಲ್ಲ. ಲೋಹದ ಚಕ್ರದ ಡಬ್ಬಿ, ಅದರಲ್ಲೂ ಒಳಗೆ ದೀಪ ಇರುವ ಡಬ್ಬಿ ಹಿಂದಿನ ಗ್ಯಾಪ್ ಮೇಲೆ ನಿಂತಿದ್ದರೆ ಅದೂ ಸೇತುವೆಯಾಗುತ್ತದೆ.

ಸ್ಟೇಷನ್ ಒಂದೇ, ಬೂಸ್ಟರ್ ಎರಡು ಎಂದಾದರೆ ಅನುಮಾನ ಫೇಸ್ ಮೇಲೆ, ಅಂದರೆ ಎರಡೂ ಬೂಸ್ಟರ್ ಒಂದೇ ಬದಿಯ ಹಳಿಗೆ ಒಂದೇ ಹೊತ್ತಿಗೆ ಪ್ಲಸ್ ಕೊಡುತ್ತಿವೆಯೇ ಎಂಬುದರ ಮೇಲೆ. ಮಲ್ಟಿಮೀಟರ್ ಅನ್ನು ಎಸಿ ವೋಲ್ಟ್‌ಗೆ ಇಟ್ಟು, ಗ್ಯಾಪ್‌ನ ಆಚೆ ಈಚೆ, ಒಂದೇ ಬದಿಯ ಹಳಿಗೆ ಎರಡೂ ಮೊನೆ ತಾಗಿಸಿ. ಸೊನ್ನೆಯ ಹತ್ತಿರ ತೋರಿಸಿದರೆ ಸರಿ. ಹಳಿಯ ವೋಲ್ಟೇಜಿನಷ್ಟೇ ತೋರಿಸಿದರೆ ಫೇಸ್ ತಿರುಗಿದೆ. ಒಂದು ಬೂಸ್ಟರ್‌ನ ಎರಡು ಹಳಿ ತಂತಿಗಳನ್ನು ಅದಲು ಬದಲು ಮಾಡಿದರೆ ಮುಗಿಯಿತು. ಸಾದಾ ಮೀಟರ್ 50 ಹರ್ಟ್ಜ್‌ನ ಮನೆ ಕರೆಂಟಿಗೆಂದು ಮಾಡಿದ್ದು. ಡಿಸಿಸಿಯ ನಿಖರ ವೋಲ್ಟೇಜ್ ಅದು ಹೇಳಲಾರದು, ಆದರೆ ಎರಡು ಜಾಗ ಹೋಲಿಸಲು ಸಾಕು.

ಫೇಸ್ ತಾನಾಗಿ ತಿರುಗಲು ಲೋಕೋನೆಟ್‌ನಲ್ಲಿ ಒಂದು ಅಡಗಿದ ಕಾರಣವಿದೆ. ಆರು ತಂತಿಯ ಆ ಕೇಬಲ್‌ನಲ್ಲಿ 3 ಮತ್ತು 4ನೇ ಪಿನ್ ಮಾಹಿತಿಗೆ, 2 ಮತ್ತು 5 ಗ್ರೌಂಡಿಗೆ, 1 ಮತ್ತು 6 ಹಳಿಯ ಸಂಕೇತ ಬೂಸ್ಟರ್‌ಗೆ ಒಯ್ಯಲು. ಕೇಬಲ್ ಉಲ್ಟಾ ಕ್ರಿಂಪ್ ಆಗಿದ್ದರೆ ನಡುವಿನ ಪಿನ್‌ಗಳಿಗೆ ವ್ಯತ್ಯಾಸವೇ ಆಗುವುದಿಲ್ಲ, ಥ್ರಾಟಲ್ ಸೊಗಸಾಗಿ ನಡೆಯುತ್ತದೆ. ಆದರೆ 1 ಮತ್ತು 6 ಅದಲು ಬದಲಾಗಿ ಬೂಸ್ಟರ್‌ನ ಫೇಸ್ ತಿರುಗುತ್ತದೆ. ಥ್ರಾಟಲ್ ಕೆಲಸ ಮಾಡುತ್ತಿದೆ ಎಂದು ಯಾರೂ ಕೇಬಲ್ ಮೇಲೆ ಸಂಶಯ ಪಡುವುದಿಲ್ಲ. ಟೆಲಿಫೋನ್ ಅಂಗಡಿಯ ರೆಡಿ ತಂತಿಯಲ್ಲಂತೂ ಎಷ್ಟೋ ಸಲ ನಾಲ್ಕೇ ತಂತಿ ಇರುತ್ತದೆ. ನೇರ ಆರು ತಂತಿಯ ಕೇಬಲ್ ನೀವೇ ಕ್ರಿಂಪ್ ಮಾಡಿ, ಪಿನ್ ಒಂದರಿಂದ ಪಿನ್ ಒಂದಕ್ಕೆ ಬೀಪ್ ಹಾಕಿ ನೋಡಿ.

ಇನ್ನು ಬೂಸ್ಟರ್‌ಗಳು ಬೇರೆ ಬೇರೆ ಕಂಪನಿಯದ್ದಾದರೆ ರೈಲ್‌ಕಾಮ್ ಗಮನಿಸಿ. ಅದು ಚಾಲೂ ಇರುವ ಬೂಸ್ಟರ್, ಡಿಕೋಡರ್ ಉತ್ತರಿಸಲೆಂದು ಪ್ರತಿ ಆದೇಶದ ನಂತರ ಹಳಿಯ ಕರೆಂಟನ್ನು ಕ್ಷಣಕಾಲ ಕಡಿಯುತ್ತದೆ. ಪಕ್ಕದ ಬೂಸ್ಟರ್‌ಗೆ ರೈಲ್‌ಕಾಮ್ ಗೊತ್ತಿಲ್ಲದಿದ್ದರೆ ಅದು ಆ ಹೊತ್ತಿನಲ್ಲೂ ಕರೆಂಟ್ ತಳ್ಳುತ್ತಲೇ ಇರುತ್ತದೆ. ಗ್ಯಾಪ್ ಮೇಲೆ ಚಕ್ರ ಬಂದಾಗ ಎರಡೂ ತಾಕಲಾಡುತ್ತವೆ. ಎರಡಕ್ಕೂ ರೈಲ್‌ಕಾಮ್ ಇದ್ದರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಸ್ಟೇಷನ್‌ನಲ್ಲಿಯೇ ಬಂದ್ ಮಾಡಿ. ಬೂಸ್ಟರ್‌ಗಳ ನಡುವೆ, ಅವುಗಳ ಕೈಪಿಡಿ ಹೇಳಿದಂತೆ, ಕಾಮನ್ ಗ್ರೌಂಡ್ ತಂತಿ ಇದೆಯೇ ಎಂದೂ ನೋಡಿ.

ಕರೆಂಟ್ ಹೋಗಿ ಬಂದ ಕೂಡಲೇ ಇಂಜಿನ್ ತಾನಾಗೇ ಫುಲ್ ಸ್ಪೀಡ್ ಓಡತೈತ್ರಿ. ದೆವ್ವ ಹೊಕ್ಕಂಗ!

ಡಿಕೋಡರ್‌ಗೆ ಡಿಸಿಸಿ ಸಂಕೇತ ಸಿಗದೆ ಬರೀ ನೇರ ಕರೆಂಟ್ ಸಿಕ್ಕರೆ, 'ನಾನು ಹಳೆಯ ಡಿಸಿ ಹಳಿಯ ಮೇಲಿದ್ದೇನೆ' ಎಂದು ಅದು ತಿಳಿದುಕೊಳ್ಳುತ್ತದೆ. ಪೂರ್ತಿ ವೋಲ್ಟೇಜ್ ಇದೆಯಲ್ಲ, ಪೂರ್ತಿ ವೇಗದಲ್ಲಿ ಹೊರಡುತ್ತದೆ. ಸ್ಟೇಷನ್ ಎದ್ದು ಕೂರುವ ಹೊತ್ತಿನಲ್ಲಿ, ಶಾರ್ಟ್ ಬಿಡಿಸಿದಾಗ, ಕೊಳೆ ಹಳಿಯ ಮೇಲೆ ಹೀಗಾಗುತ್ತದೆ. ಡಿಕೋಡರ್ ಒಳಗಿನ ಒಂದೊಂದು ಸೆಟ್ಟಿಂಗ್‌ಗೆ ಸಿವಿ ಎಂಬ ಸಂಖ್ಯೆ ಇರುತ್ತದೆ. ಸಿವಿ 29ರಲ್ಲಿ ಅನಲಾಗ್ (ಡಿಸಿ ಹಳಿಯ ಮೇಲೆ ಓಡುವ) ಅನುಮತಿಯ ಬೆಲೆ 4. ಅದನ್ನು ಕಳೆಯಿರಿ: 6 ಇದ್ದರೆ 2, 38 ಇದ್ದರೆ 34, 14 ಇದ್ದರೆ 10. ಡಿಸಿ ಹಳಿಗೆ ಒಯ್ಯದ ಪ್ರತಿ ಇಂಜಿನ್‌ಗೂ ಇದನ್ನು ಮಾಡಿಬಿಡಿ. ಮಳೆಗಾಲದಲ್ಲಿ ಖಾನಾಪುರ ಕಡೆ ಕರೆಂಟ್ ಹೋಗಿ ಬರುವುದು ನೋಡಿದರೆ ಇದು ಮೊದಲ ದಿನವೇ ಮಾಡಬೇಕಾದ ಕೆಲಸ.

ಡಿಕೋಡರ್ ಇಲ್ಲದ ಹಳೇ ಡಿಸಿ ಇಂಜಿನ್ ಡಿಸಿಸಿ ಹಳಿ ಮ್ಯಾಲ ಇಟ್ರ ಗುಂಯ್ ಅಂತೈತಿ. ಓಡಿಸಬಹುದಾ?

ಓಡಿಸಬೇಡಿ. ಮೋಟಾರಿಗೆ ಆ ಕ್ಷಣಕ್ಕೆ ಮುಂದೆ, ಮರುಕ್ಷಣ ಹಿಂದೆ ಎಂಬ ಒತ್ತಡ ಬೀಳುತ್ತಿರುತ್ತದೆ, ತಿರುಗದೆ ಬಿಸಿಯಾಗುತ್ತದೆ. ಕೆಲವು ಸ್ಟೇಷನ್‌ಗಳಲ್ಲಿ ಅಡ್ರೆಸ್ 0 ಎಂಬ ಉಪಾಯ ಇದೆ. 'ಸೊನ್ನೆ' ಬಿಟ್‌ನ ಒಂದು ಅರ್ಧವನ್ನು ಹಿಗ್ಗಿಸಿ ಸರಾಸರಿ ಕರೆಂಟ್ ಒಂದು ಕಡೆಗೆ ವಾಲುವಂತೆ ಮಾಡುತ್ತಾರೆ. ಓಡುತ್ತದೆ, ಆದರೆ ನಿಂತಾಗಲೂ ಬಿಸಿ ತಪ್ಪದು. ಕೋರ್‌ಲೆಸ್ ಮೋಟಾರ್ ಇದ್ದರೆ ಖಂಡಿತ ಸುಡುತ್ತದೆ. ಒಂದು ಸಾದಾ ಡಿಕೋಡರ್ ಹಾಕಿಸಿ.

ಡಿಸಿ ಲೂಪ್ ಪಕ್ಕದಲ್ಲೇ ಡಿಸಿಸಿ ಲೂಪ್ ಇಟ್ಟುಕೊಂಡವರಿಗೂ ಮೇಲಿನ ಸೆಕ್ಷನ್ ನಿಯಮವೇ. ಡಿಸಿ ಕಂಟ್ರೋಲರ್‌ನ ತಂತಿ ಯಾವ ಕ್ಷಣದಲ್ಲೂ ಡಿಸಿಸಿ ತಂತಿಗೆ ತಾಗಬಾರದು, ಚಕ್ರದ ಮೂಲಕವೂ.

ಕ್ಯಾಸಲ್ ರಾಕ್ ಘಾಟ್ ಮಾಡೀನ್ರಿ. ಹಿಂದ ಬ್ಯಾಂಕರ್ ಹಚ್ಚಿದ್ರ ಡಬ್ಬಿ ಹಳಿ ಬಿಡ್ತಾವು.

ಈ ಪ್ರಶ್ನೆ ನನಗೆ ತುಂಬ ಪ್ರೀತಿಯದ್ದು. ಬೆಳಗಾವಿಯಲ್ಲಿ ಲೇಔಟ್ ಕಟ್ಟಿ ಲೋಂಡಾ, ಕ್ಯಾಸಲ್ ರಾಕ್, ದೂಧಸಾಗರ ಮಾಡದೆ ಬಿಡುವವರು ಯಾರು! ಕ್ಯಾಸಲ್ ರಾಕ್ ಬಳಿಯ ಬ್ರಗಾಂಜಾ ಘಾಟ್‌ನ 1:37 ಏರಿಗೆ ನಿಜವಾದ ಗಾಡಿಗಳಿಗೂ ಹಿಂದಿನಿಂದ ತಳ್ಳುವ ಇಂಜಿನ್ ಬೇಕು.

ಮುಂದಿನ ಇಂಜಿನ್‌ನಲ್ಲಿ ಒಂದು ಕಂಪನಿಯ ಡಿಕೋಡರ್, ಹಿಂದಿನದರಲ್ಲಿ ಇನ್ನೊಂದು ಇದ್ದರೆ, ಒಂದೇ ಸ್ಪೀಡ್ ಸ್ಟೆಪ್‌ಗೆ (ವೇಗದ ಮೆಟ್ಟಿಲಿಗೆ) ಎರಡರ ವೇಗ ಬೇರೆ. ಹಿಂದಿನದು ಜೋರಾದರೆ ತಿರುವಿನಲ್ಲಿ ಡಬ್ಬಿ ಹೊರಗೆ ಬೀಳುತ್ತದೆ. ಎರಡನ್ನೂ ಜೋಡಿಸದೆ, ಸಮತಟ್ಟಾದ ಹಳಿಯ ಮೇಲೆ ಅಂತರ ಬಿಟ್ಟು ಓಡಿಸಿ ನೋಡಿ. ನಿಧಾನ ಇರುವುದನ್ನು ಆಧಾರವಾಗಿಟ್ಟುಕೊಂಡು ಜೋರಿನದ್ದನ್ನು ಇಳಿಸಿ: ಹೊರಡುವ ವೇಗ ಸಿವಿ 2, ನಡು ವೇಗ ಸಿವಿ 6, ಗರಿಷ್ಠ ವೇಗ ಸಿವಿ 5. ವೇಗ ಏರುವ ಇಳಿಯುವ ವಿಳಂಬದ ಸಿವಿ 3 ಮತ್ತು 4 ಎರಡರಲ್ಲೂ ಮೊದಲು ಸೊನ್ನೆ ಮಾಡಿ, ವೇಗ ಹೊಂದಿದ ಮೇಲೆ ಸೇರಿಸಿ.

ಸಿಸ್ಟಂ ಬೆರೆತಾಗ ಬರುವ ಇನ್ನೊಂದು ತೊಡಕೂ ಇಲ್ಲೇ ಇದೆ. ಜೋಡಿ ಮಾಡುವ ರೀತಿ ಎರಡು. ಒಂದರಲ್ಲಿ ಜೋಡಿಯ ನೆನಪು ಸ್ಟೇಷನ್ ಒಳಗಿರುತ್ತದೆ. ಇನ್ನೊಂದು ಸ್ಟೇಷನ್ನಿನ ಮುಂದೆ ಇಂಜಿನ್ ಇಟ್ಟರೆ ಜೋಡಿ ಮಾಯ. ಎರಡನೆಯದರಲ್ಲಿ ಜೋಡಿಯ ಅಡ್ರೆಸ್ ಇಂಜಿನ್ನಿನ ಸಿವಿ 19ರಲ್ಲೇ ಬರೆದಿರುತ್ತದೆ. ಆ ಇಂಜಿನ್ ಗೆಳೆಯನ ಮನೆಗೆ ಹೋದರೂ ತನ್ನ ಸ್ವಂತ ಅಡ್ರೆಸ್ಸಿಗೆ ಓಡುವುದಿಲ್ಲ. ದೀಪ ಮಾತ್ರ ಹತ್ತಬಹುದು. 'ಡಿಕೋಡರ್ ಸತ್ತಿದೆ' ಎಂದು ತಂದ ಇಂಜಿನ್‌ಗೆ ಮೊದಲು ಸಿವಿ 19ರಲ್ಲಿ 0 ಬರೆದು ನೋಡಿ.

ಒಂದು ಸಿಸ್ಟಂನಾಗ ಅಡ್ರೆಸ್ 115 ಓಡತೈತಿ, ಇನ್ನೊಂದರಾಗ ಓಡೂದಿಲ್ಲ.

ಮಾನದಂಡದ ಪ್ರಕಾರ ಚಿಕ್ಕ ಅಡ್ರೆಸ್ 1ರಿಂದ 127. ಆದರೆ ಲೆನ್ಸ್ ಪದ್ಧತಿಯಲ್ಲಿ 99ರವರೆಗೆ ಮಾತ್ರ ಚಿಕ್ಕದು. 100ರಿಂದ ಉದ್ದದ ಅಡ್ರೆಸ್ ಎಂದೇ ಕಳಿಸುತ್ತದೆ. ಡಿಜಿಟ್ರಾಕ್ಸ್ 127ರವರೆಗೂ ಚಿಕ್ಕದೆಂದೇ ಕಳಿಸುತ್ತದೆ. ಡಿಕೋಡರ್‌ಗೆ ಇವೆರಡೂ ಬೇರೆ ಬೇರೆ ಹೆಸರು. ಬೆರಕೆ ಮನೆಯಲ್ಲಿ 100ರಿಂದ 127 ಬಳಸಲೇಬೇಡಿ. ಹೊಸ ಇಂಜಿನ್ ಎಲ್ಲ ಅಡ್ರೆಸ್ 3ರಲ್ಲೇ ಬರುತ್ತವೆ, ಬಂದ ದಿನವೇ ಬದಲಿಸಿ.

ಮುಂದಿನ ದೀಪ ವೇಗದ ಜೋಡಿ ಹತ್ತತೈತಿ, ಆರತೈತಿ.

ಡಿಕೋಡರ್ 14 ಸ್ಟೆಪ್‌ನಲ್ಲಿದೆ, ಸ್ಟೇಷನ್ 28 ಅಥವಾ 128ರಲ್ಲಿದೆ. ಸಿವಿ 29ಕ್ಕೆ 2 ಸೇರಿಸಿ, ಅಥವಾ ಸ್ಟೇಷನ್‌ನಲ್ಲಿ ಆ ಇಂಜಿನ್ನಿಗೆ 14 ಆರಿಸಿ.

ಪಾಯಿಂಟ್ 1 ಒತ್ತಿದ್ರ 5 ತಿರಗತೈತ್ರಿ. ವೈರಿಂಗ್ ತಪ್ಪೈತೇನು?

ವೈರಿಂಗ್ ಬಿಚ್ಚಬೇಡಿ. ಪಾಯಿಂಟ್ ಡಿಕೋಡರ್‌ಗಳು ನಾಲ್ಕು ನಾಲ್ಕರ ಗುಂಪಿನಲ್ಲಿರುತ್ತವೆ. ಮೊದಲ ಗುಂಪನ್ನು ಸೊನ್ನೆಯಿಂದ ಎಣಿಸಬೇಕೋ ಒಂದರಿಂದಲೋ ಎಂಬುದರಲ್ಲಿ ಕಂಪನಿಗಳಿಗೆ ಒಮ್ಮತವಿಲ್ಲ. ಹಾಗಾಗಿ ಸರಿಯಾಗಿ ನಾಲ್ಕರ ವ್ಯತ್ಯಾಸ. ರೋಕೋ ಮಲ್ಟಿಮೌಸ್ ಇದ್ದವರಿಗೆ ಇದು ಬೇಗ ಕಾಣುತ್ತದೆ. ಝಡ್ 21ರ ಸೆಟ್ಟಿಂಗ್‌ನಲ್ಲಿ ಈ ನಾಲ್ಕನ್ನು ಸರಿಸುವ ಆಯ್ಕೆ ಇದೆ. ಆ ಆಯ್ಕೆ ಇಲ್ಲದ ಕಡೆ ಪಾಯಿಂಟ್ ಡಿಕೋಡರ್‌ಗೆ ಅಡ್ರೆಸ್ ಕಲಿಸುವ ಕೆಲಸವನ್ನು, ನಿತ್ಯ ಹಳಿ ನಡೆಸುವ ಸ್ಟೇಷನ್‌ನಿಂದಲೇ ಮಾಡಿ.

ಮಾರ್ಕ್ಲಿನ್ ಇಂಜಿನ್ ಬಂದೈತಿ. ನಮ್ಮ ಎರಡು ಹಳಿ ಲೇಔಟ್ ಮ್ಯಾಲ ಓಡತೈತೇನ್ರಿ?

ಇದ್ದ ಹಾಗೆ ಓಡುವುದಿಲ್ಲ. ಜರ್ಮನಿಯ ಈ ಕಂಪನಿಯ ಎಚ್‌ಒ (1:87 ಅಳತೆಯ) ಹಳಿಯಲ್ಲಿ ಎರಡೂ ಬದಿಯ ಹಳಿ ವಿದ್ಯುತ್ತಿಗೆ ಒಂದೇ. ಇನ್ನೊಂದು ಸಂಪರ್ಕ ನಡುವಿನ ಮೊಳೆಸಾಲಿನಿಂದ, ಇಂಜಿನ್ ತಳದ ಸ್ಲೈಡರ್ ಮೂಲಕ. ಚಕ್ರಗಳ ನಡುವೆ ಇನ್ಸುಲೇಷನ್ ಇಲ್ಲ, ನಮ್ಮ ಹಳಿಯ ಮೇಲೆ ಇಟ್ಟ ಕೂಡಲೇ ಶಾರ್ಟ್. ಅವರ ಡಬ್ಬಿಯ ಚಕ್ರಗಳದ್ದೂ ಇದೇ ಕಥೆ.

ಮೂರು ಹಳಿಯ ಲೂಪ್ ಬೇರೆಯೇ ಹಾಕಿಕೊಂಡರೆ ಆಮೇಲೆ ಭಾಷೆಯ ಪ್ರಶ್ನೆ. ಹಳೆಯ ಡಿಕೋಡರ್‌ಗಳದ್ದು ಮೊಟೊರೋಲಾ ಪದ್ಧತಿ, ಮೂಲತಃ 80 ಅಡ್ರೆಸ್. 2004ರಿಂದ ತಾನೇ ಹೆಸರು ನೋಂದಾಯಿಸಿಕೊಳ್ಳುವ ಎಂಎಫ್‌ಎಕ್ಸ್ ಬಂತು. ಬರೀ ಡಿಸಿಸಿ ಬಲ್ಲ ಸ್ಟೇಷನ್ ಇವೆರಡನ್ನೂ ಮಾತಾಡದು. ಇಕೋಸ್‌ನಂಥ ಬಹುಭಾಷಾ ಸ್ಟೇಷನ್ ಎಲ್ಲವನ್ನೂ ಒಂದಾದ ಮೇಲೊಂದು ಕಳಿಸುತ್ತದೆ. ಅಲ್ಲಿ ಒಂದೇ ಇಂಜಿನ್ ಪಟ್ಟಿಯಲ್ಲಿ ಎರಡು ಸಲ ಕಾಣಿಸಿಕೊಂಡರೆ ಒಂದು ನಮೂದು ಅಳಿಸಿ. ದೀಪ ಮಿನುಗುವುದು, ಇಂಜಿನ್ ತಡವರಿಸುವುದು ಕಂಡರೆ ಬಳಸದ ಭಾಷೆಗಳನ್ನು ಬಂದ್ ಮಾಡಿ.

ಒಂದು ಎಚ್ಚರಿಕೆ: ಹಳೆಯ ಮಾರ್ಕ್ಲಿನ್ ಎಸಿ ಟ್ರಾನ್ಸ್‌ಫಾರ್ಮರ್ ದಿಕ್ಕು ಬದಲಿಸಲು ಸುಮಾರು 24 ವೋಲ್ಟ್‌ನ ಹೊಡೆತ ಕೊಡುತ್ತದೆ. ಅದನ್ನು ಡಿಜಿಟಲ್ ಹಳಿಯ ಹತ್ತಿರವೂ ತರಬೇಡಿ.

ಪ್ರೋಗ್ರಾಮಿಂಗ್ ಹಳಿ ಮ್ಯಾಲ ಇಂಜಿನ್ ಓದೂದಿಲ್ಲ, ಎರರ್ ಬರತೈತಿ.

ಡಿಕೋಡರ್ 'ಹೌದು' ಅನ್ನಲು ಮೋಟಾರಿನ ಮೂಲಕ 6 ಮಿಲಿಸೆಕೆಂಡ್ ಕಾಲ ಕನಿಷ್ಠ 60 ಮಿಲಿಆಂಪ್ ಎಳೆಯುತ್ತದೆ. ಮೋಟಾರ್ ಸಂಪರ್ಕ ಸಡಿಲವಿದ್ದರೆ, ಚಕ್ರ ಕೊಳೆಯಾಗಿದ್ದರೆ ಆ ಮಿಡಿತ ತಲುಪದು. ಸೌಂಡ್ ಡಿಕೋಡರ್‌ನ ದೊಡ್ಡ ಕೆಪಾಸಿಟರ್ ಪ್ರೋಗ್ರಾಮಿಂಗ್ ಹಳಿಯ ಅಲ್ಪ ಕರೆಂಟನ್ನು ತಾನೇ ನುಂಗುವುದೂ ಉಂಟು. ಚಕ್ರ ಒರೆಸಿ, ಆಗಲಿಲ್ಲವೆಂದರೆ ಇನ್ನೊಂದು ಕಂಪನಿಯ ಸ್ಟೇಷನ್‌ನಲ್ಲಿ ಪ್ರಯತ್ನಿಸಿ. ಬೆರಕೆ ಸಾಮಾನಿನ ದೊಡ್ಡ ಲಾಭ ಇದೇ. ಹಳಿಯ ಮೇಲೆ ಒಂದೇ ಇಂಜಿನ್ ಇರಲಿ, ಇಲ್ಲದಿದ್ದರೆ ಎಲ್ಲಕ್ಕೂ ಒಂದೇ ಅಡ್ರೆಸ್ ಬೀಳುತ್ತದೆ.

ಮೊಬೈಲ್ ಥ್ರಾಟಲ್ ನಡುನಡುವೆ ಕೈ ಕೊಡತೈತಿ.

ಲೇಔಟ್‌ನ ವೈಫೈಯಲ್ಲಿ ಇಂಟರ್ನೆಟ್ ಇಲ್ಲದ್ದು ಕಂಡು ಫೋನ್ ತಾನಾಗಿ ಮೊಬೈಲ್ ಡೇಟಾಗೆ ಹಾರುತ್ತದೆ. ಆಡುವಾಗ ಡೇಟಾ ಬಂದ್ ಮಾಡಿ. ಝಡ್ 21 ಕಾರ್ಖಾನೆಯಿಂದ 192.168.0.111 ವಿಳಾಸದೊಂದಿಗೆ ಬರುತ್ತದೆ. ಮನೆಯ ರೌಟರ್ 192.168.1 ಸಾಲಿನದ್ದಾದರೆ ಇಬ್ಬರೂ ಒಬ್ಬರನ್ನೊಬ್ಬರು ಕಾಣುವುದಿಲ್ಲ. ಎಂಜಿನ್ ಡ್ರೈವರ್ ಆ್ಯಪ್‌ನಲ್ಲಿ ಪೋರ್ಟ್ ನೋಡಿ: ಜೆಎಂಆರ್‌ಐಗೆ 12090, ಆರ್ಡುಯಿನೊ ಮೇಲೆ ಕಟ್ಟುವ ಡಿಸಿಸಿ-ಇಎಕ್ಸ್ ಸ್ಟೇಷನ್‌ಗೆ 2560.

ಎಲ್ಲಾ ಸರಿ ಐತಿ, ಆದ್ರೂ ದೂರದ ಮೂಲ್ಯಾಗ ಇಂಜಿನ್ ತಡವರಸತೈತಿ.

ಸಿಸ್ಟಂ ಬೈಯುವ ಮೊದಲು ತಂತಿ ನೋಡಿ. ಐದು ರೂಪಾಯಿ ನಾಣ್ಯವನ್ನು ಆ ಮೂಲೆಯ ಎರಡೂ ಹಳಿಗೆ ಅಡ್ಡ ಇಡಿ. ಬೂಸ್ಟರ್ ಕೂಡಲೇ ಟ್ರಿಪ್ ಆಗಬೇಕು. ಆಗದಿದ್ದರೆ ತಂತಿ ತೆಳ್ಳಗಿದೆ. ಶಾರ್ಟ್ ಆದರೂ ಬೂಸ್ಟರ್‌ಗೆ ತಿಳಿಯದೆ ಪ್ಲಾಸ್ಟಿಕ್ ಕರಗುವ ಅಪಾಯ ಇದು. ಟೇಬಲ್ ಅಡಿಯ ಮುಖ್ಯ ತಂತಿ 1.5 ಅಥವಾ 2.5 ಚದರ ಮಿಲಿಮೀಟರ್ ಇರಲಿ, ಮನೆ ವೈರಿಂಗ್ ಅಂಗಡಿಯದ್ದೇ ಸಾಕು; ಪ್ರತಿ ತುಂಡು ಹಳಿಗೂ ಸಣ್ಣ ತಂತಿ ಬೆಸೆಯಿರಿ.

ತಂತಿ ಸರಿಯಿದ್ದರೆ ಕೊಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಗಾವಿಯ ತೇವದಲ್ಲಿ ಹಳಿ ಬೇಗ ಕಪ್ಪಾಗುತ್ತದೆ. ಬೇಸಿಗೆಯಲ್ಲಿ ವಿಜಯಪುರದವರಿಗೆ ಕರಿಮಣ್ಣಿನ ಧೂಳು. ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒರೆಸಿ, ಸ್ಯಾಂಡ್ ಪೇಪರ್ ಮುಟ್ಟಿಸಬೇಡಿ. ಉದ್ಯಮಬಾಗ್‌ನ ಮಷಿನ್ ಶಾಪ್‌ಗಳಲ್ಲಿ ದುಡಿಯುವ ಗೆಳೆಯರು ಬಟ್ಟೆ ಬದಲಿಸಿಯೇ ಟೇಬಲ್ ಹತ್ತಿರ ಬನ್ನಿ. ಕಬ್ಬಿಣದ ಪುಡಿಯನ್ನು ಮೋಟಾರಿನ ಅಯಸ್ಕಾಂತ ಎಳೆದುಕೊಂಡರೆ ತೆಗೆಯುವುದು ಕಷ್ಟ.

ಅಮೆರಿಕದ ಅಡಾಪ್ಟರ್ ಇಲ್ಲಿ ಹಚ್ಚಬಹುದೇನು?

ಅದರ ಮೇಲೆ 100–240 ವೋಲ್ಟ್ ಎಂದು ಬರೆದಿದ್ದರೆ ಮಾತ್ರ. ಬರೀ 120 ಎಂದಿದ್ದರೆ ನಮ್ಮ 230 ವೋಲ್ಟ್‌ಗೆ ಸುಡುತ್ತದೆ. ಅದೇ ವೋಲ್ಟೇಜ್, ಅದೇ ಆಂಪ್ ಕೊಡುವ ಅಡಾಪ್ಟರ್ ಇಲ್ಲೇ ಕೊಳ್ಳಿ.

ಹುಡುಗ ಆರ್ಡುಯಿನೊ ಮ್ಯಾಲ ಡಿಸಿಸಿ-ಇಎಕ್ಸ್ ಕಟ್ಟ್ಯಾನ. ಅದನ್ನ ಯಜಮಾನ ಮಾಡಬಹುದಾ?

ಧಾರಾಳವಾಗಿ. ಆರ್ಡುಯಿನೊ ಮೆಗಾ ಮತ್ತು ಮೋಟಾರ್ ಶೀಲ್ಡ್ (ಅದರ ಮೇಲೆ ಕೂತು ಹಳಿಗೆ ಕರೆಂಟ್ ಕೊಡುವ ಬೋರ್ಡು) ಸೇರಿದರೆ ನಿಜವಾದ ಡಿಸಿಸಿ ಸ್ಟೇಷನ್ ಆಗುತ್ತದೆ. ಆರ್ಡುಯಿನೊದ ಮೂಲ ಮೋಟಾರ್ ಶೀಲ್ಡ್ ಒಂದು ದಾರಿಗೆ 2 ಆಂಪ್‌ವರೆಗೆ ಕೊಡುತ್ತದೆ, ಸೌಂಡ್ ಇಲ್ಲದ ಕೆಲವು ಎಚ್‌ಒ ಇಂಜಿನ್‌ಗಳಿಗೆ ಸಾಕು. ಆ ಶೀಲ್ಡ್‌ಗೆ 9 ವೋಲ್ಟ್‌ಗಿಂತ ಹೆಚ್ಚು ಕೊಡುವ ಮೊದಲು ಅದರ ತಳದಲ್ಲಿರುವ 'ವಿಇನ್ ಕನೆಕ್ಟ್' ಎಂಬ ಜಂಪರ್ ಕತ್ತರಿಸಲೇಬೇಕು, ಇಲ್ಲದಿದ್ದರೆ ಹಳಿಯ ವೋಲ್ಟೇಜ್ ಮೆಗಾ ಬೋರ್ಡಿಗೂ ಹೋಗುತ್ತದೆ. ಸೌಂಡ್ ಇಂಜಿನ್ ಹೆಚ್ಚಿದ್ದರೆ ಕಂಪನಿಯ ಸ್ಟೇಷನ್ ಹಳಿಗೆ ಇರಲಿ, ಹುಡುಗನದ್ದನ್ನು ಪ್ರೋಗ್ರಾಮಿಂಗ್ ಹಳಿಗೆ ಕೊಡಿ. ಜೆಎಂಆರ್‌ಐ ಜೊತೆ ಸೇರಿ ಅದು ಪ್ರತಿ ಇಂಜಿನ್ನಿನ ಸಿವಿಗಳನ್ನು ಓದಿ ಕಂಪ್ಯೂಟರ್‌ನಲ್ಲಿ ಉಳಿಸಿಡುತ್ತದೆ.